ಸೆಕೆಂಡ್ ಹ್ಯಾಂಡ್ ಬೈಕಿನ ಕಾರ್ಬುರೇಟರ್ ಬಿಚ್ಚಿ, ತೊಳೆದು, ಮತ್ತೆ ಕೂರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಕಾರ್ಬುರೇಟರ್ ಕ್ಲೀನ್ ಮಾಡಿದೆ, ಆದರೂ ಚೋಕ್ ಒಳಗೆ ತಳ್ಳಿದ ತಕ್ಷಣ ಗಾಡಿ ಆಫ್ ಆಗುತ್ತದೆ." ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಏನು ಮಾಡಿದಿರಿ ಎಂದು ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ. ಪೆಟ್ರೋಲ್ ನಿಲ್ಲುವ ಕೆಳಗಿನ ಬೌಲ್ ಬಿಚ್ಚಿ, ಕಣ್ಣಿಗೆ ಕಂಡ ಜೆಟ್‌ಗಳಿಗೆ (ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ತುಂಡುಗಳಿಗೆ) ಸ್ಪ್ರೇ ಹೊಡೆದು, ಬಟ್ಟೆಯಲ್ಲಿ ಒರೆಸಿ ಮುಚ್ಚಿರುತ್ತಾರೆ. ಕಸ ಕೂತಿರುವುದು ಅಲ್ಲಿ ಅಲ್ಲ. ಐಡ್ಲಿಂಗ್‌ಗೆ (ಆಕ್ಸಿಲರೇಟರ್ ತಿರುಗಿಸದೆ ಎಂಜಿನ್ ಓಡುವುದಕ್ಕೆ) ಪೆಟ್ರೋಲ್ ಕೊಡುವ ಪೈಲಟ್ ದಾರಿ ಅಲ್ಯೂಮಿನಿಯಂ ಬಾಡಿಯ ಒಳಗೇ ಕೊರೆದ ಸಣ್ಣ ಸುರಂಗ. ಅದು ಹೊರಗೆ ಕಾಣುವುದಿಲ್ಲ, ಆದ್ದರಿಂದಲೇ ತೊಳೆಯದೆ ಉಳಿಯುತ್ತದೆ.

ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮಧ್ಯೆ ಒಂದನ್ನು ಹಾರಿಸಿದರೆ ಎಲ್ಲವನ್ನೂ ಎರಡನೇ ಸಲ ಬಿಚ್ಚಬೇಕಾಗುತ್ತದೆ.

## ಹಂತ 1: ತಪ್ಪು ಕಾರ್ಬುರೇಟರ್‌ನದ್ದೇನಾ?

ಸ್ಪ್ಯಾನರ್ ಎತ್ತುವ ಮೊದಲು ಇಷ್ಟು ನೋಡಿ. ಸ್ಪಾರ್ಕ್ ಪ್ಲಗ್ ಕಿಡಿ ಗಟ್ಟಿಯಾಗಿದೆಯಾ? ಏರ್ ಫಿಲ್ಟರ್ ಮಣ್ಣು ತುಂಬಿ ಉಸಿರುಗಟ್ಟಿದೆಯಾ? ಕಂಪ್ರೆಷನ್ ಸರಿ ಇದೆಯಾ? ವಾಲ್ವ್ ಕ್ಲಿಯರೆನ್ಸ್ ತೀರಾ ಬಿಗಿಯಾಗಿದ್ದರೂ ಬೆಳಗ್ಗೆ ಸ್ಟಾರ್ಟ್ ಆಗಲು ಗಾಡಿ ಸತಾಯಿಸುತ್ತದೆ. ಆ ದೋಷ ಕಾರ್ಬುರೇಟರ್ ಎಷ್ಟು ತೊಳೆದರೂ ಹೋಗುವುದಿಲ್ಲ.

ಆಮೇಲೆ ಬೌಲ್‌ನ ಕೆಳಗಿರುವ ಡ್ರೈನ್ ಸ್ಕ್ರೂಗೆ ಒಂದು ಪಾರದರ್ಶಕ ಪೈಪ್ ಸಿಕ್ಕಿಸಿ, ಸ್ಕ್ರೂ ಸಡಿಲಿಸಿ, ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ. ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಗುಂಡಗೆ ಉರುಳಾಡುವ ಹನಿಗಳಿದ್ದರೆ ಅದು ನೀರು. ಕೆಂಪು ಪುಡಿ ಇದ್ದರೆ ಟ್ಯಾಂಕಿನ ತುಕ್ಕು. ಹಳೇ ವಾರ್ನಿಷ್‌ನಂಥ ಘಾಟು ವಾಸನೆ, ಕಂದು ಬಣ್ಣ ಇದ್ದರೆ ಪೆಟ್ರೋಲ್ ಕೆಟ್ಟು ಒಳಗೆಲ್ಲ ಅಂಟು ಕಟ್ಟಿದೆ ಎಂದರ್ಥ.

ಪೆಟ್ರೋಲ್ ಒಂದೇ ಧಾರೆಯಾಗಿ ಬರುತ್ತಿರಬೇಕು. ಮೊದಲು ಜೋರಾಗಿ ಬಂದು ಬರಬರುತ್ತಾ ಸಣ್ಣಗಾದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ತೆಗೆದ ಕೂಡಲೇ ಧಾರೆ ಜೋರಾದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ವ್ಯಾಕ್ಯೂಮ್‌ನಿಂದ ತೆರೆಯುವ ಪೆಟ್ರೋಲ್ ಕಾಕ್ ಇರುವ ಗಾಡಿಗಳಲ್ಲಿ ಎಂಜಿನ್ ಓಡದೆ ಪೆಟ್ರೋಲ್ ಬರುವುದಿಲ್ಲ, ಅಲ್ಲಿ ಕಾಕ್ ಅನ್ನು ಪ್ರೈಮ್‌ಗೆ ತಿರುಗಿಸಿ ನೋಡಿ.

ಟ್ಯಾಂಕಿನಲ್ಲಿ ತುಕ್ಕು ಇದ್ದರೆ ಮೊದಲು ಟ್ಯಾಂಕ್, ಆಮೇಲೆ ಕಾರ್ಬುರೇಟರ್. ಉಲ್ಟಾ ಮಾಡಿದರೆ ತೊಳೆದ ಜೆಟ್ ಮತ್ತೆ ಬೇಗನೆ ಕಟ್ಟುತ್ತದೆ.

## ಹಂತ 2: ಕೈಗೆ ಬೇಕಾದ ಸಾಮಾನು

ಎಲ್ಲಕ್ಕಿಂತ ಮುಖ್ಯವಾದದ್ದು ಸರಿಯಾದ ಸ್ಕ್ರೂ ಡ್ರೈವರ್. ಮಿಕುನಿ, ಕೈಹಿನ್‌ನಂಥ ಜಪಾನಿ ಕಾರ್ಬುರೇಟರ್‌ಗಳ ಸ್ಕ್ರೂಗಳು ನೋಡಲು ಫಿಲಿಪ್ಸ್ ಥರ ಕಂಡರೂ ಅವು ಜೆ.ಐ.ಎಸ್. (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆಯ ಗುರುತು ಇರುತ್ತದೆ. ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ಕೂರದೆ ಜಾರಿ, ಮೆತ್ತಗಿನ ತಲೆಯನ್ನು ಕೆರೆದು ಹಾಕುತ್ತದೆ. ಜೆ.ಐ.ಎಸ್. ಡ್ರೈವರ್ ಒಂದು ತಗೊಳ್ಳಿ, ಇದರಲ್ಲಿ ಮಾತ್ರ ಜಿಪುಣತನ ಬೇಡ. ಚಪ್ಪಟೆ ಡ್ರೈವರ್‌ಗಳೂ ಜೆಟ್‌ನ ಸೀಳಿಗೆ ಸರಿಯಾಗಿ ತುಂಬುವ ಅಗಲದವೇ ಆಗಬೇಕು. ಜೆಟ್‌ಗಳು ಹಿತ್ತಾಳೆಯವು, ಸಡಿಲವಾಗಿ ಕೂತ ಡ್ರೈವರ್ ಒಂದು ಸಲ ಜಾರಿದರೆ ಸೀಳು ಹೋಯಿತು.

ಉಳಿದದ್ದು: ಕಾರ್ಬುರೇಟರ್ ಕ್ಲೀನರ್ ಸ್ಪ್ರೇ, ಅದರ ಸಣ್ಣ ಕೊಳವೆ ಸಮೇತ. ಗಾಳಿ ಹೊಡೆಯಲು ಕಂಪ್ರೆಸರ್. ಕರೆಂಟ್ ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ. ಬೌಲ್‌ನ ಪೆಟ್ರೋಲ್ ಮಟ್ಟ ಕಾಯುವ, ತೇಲುವ ಫ್ಲೋಟ್‌ನ ಎತ್ತರ ಅಳೆಯಲು ವರ್ನಿಯರ್ ಕ್ಯಾಲಿಪರ್. ಬಿಳಿ ಬಟ್ಟೆ ಹಾಸಿದ ಟ್ರೇ. ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನುವಲ್, ಜೆಟ್ ನಂಬರ್ ಮತ್ತು ಫ್ಲೋಟ್ ಎತ್ತರ ಅದರಲ್ಲೇ ಸಿಗುವುದು.

ಕನ್ನಡಕ ಮತ್ತು ನೈಟ್ರೈಲ್ ಗ್ಲೌಸ್ ಕಡ್ಡಾಯ. ಒಂದು ತೂತಿಗೆ ಹೊಡೆದ ಸ್ಪ್ರೇ ಇನ್ನೊಂದು ತೂತಿನಿಂದ ಚಿಮ್ಮಿ ನೇರ ಕಣ್ಣಿಗೆ ಬೀಳುತ್ತದೆ, ಇದು ತುಂಬಾ ಸಲ ಆಗುವಂಥದ್ದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಬಾಗಿಲು ತೆರೆದಿರಲಿ, ಹತ್ತಿರ ಒಲೆ, ಗೀಸರ್, ಸಿಗರೇಟ್ ಏನೂ ಬೇಡ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ.

## ಹಂತ 3: ಗಾಡಿಯಿಂದ ಇಳಿಸುವುದು

ಪೆಟ್ರೋಲ್ ಕಾಕ್ ಆಫ್ ಮಾಡಿ, ಬೌಲ್ ಖಾಲಿ ಮಾಡಿ. ಕಾರ್ಬುರೇಟರ್‌ನ ಹೊರಮೈಯನ್ನು ಈಗಲೇ ಬ್ರಷ್ ಹಾಕಿ ಒರೆಸಿಬಿಡಿ. ಇಲ್ಲದಿದ್ದರೆ ಕಳಚುವಾಗ ಅಂಟಿರುವ ಮಣ್ಣು ಎಂಜಿನ್‌ನ ಬಾಯಿಗೆ ಉದುರುತ್ತದೆ.

ಒಂದೊಂದು ಪೈಪ್ ಬಿಚ್ಚುವ ಮೊದಲೂ ಫೋಟೋ ತೆಗೆಯಿರಿ. ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಕೇಬಲ್ ಮೇಲೆ, ಯಾವುದು ಕೆಳಗೆ, ಎಲ್ಲ ಕಾಣುವ ಹಾಗೆ. ಬಿಚ್ಚಿದ ಪೈಪಿಗೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಕಾರ್ಬುರೇಟರ್ ಇಳಿದ ತಕ್ಷಣ ಎಂಜಿನ್ ಕಡೆಯ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ.

ಕಾರ್ಬುರೇಟರನ್ನು ಎಂಜಿನ್‌ಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರನ್ನು ಕೈಯಲ್ಲಿ ಬಗ್ಗಿಸಿ ನೋಡಿ. ನೆಟ್ಟಗಿದ್ದಾಗ ಚೆನ್ನಾಗಿ ಕಾಣುವ ರಬ್ಬರ್ ಬಗ್ಗಿಸಿದಾಗ ಬಿರುಕು ಬಿಡುತ್ತದೆ. ಬಿರುಕು ಒಳಗಿನ ತನಕ ಹೋಗಿದ್ದರೆ ಬದಲಾಯಿಸಿ. ಅಲ್ಲಿಂದ ಗಾಳಿ ಎಳೆದರೆ ಯಾವ ಟ್ಯೂನಿಂಗ್ ಕೂಡ ನಿಲ್ಲುವುದಿಲ್ಲ.

ಎರಡು ಅಥವಾ ನಾಲ್ಕು ಕಾರ್ಬುರೇಟರ್ ಒಟ್ಟಿಗೆ ಜೋಡಿಸಿರುವ ಗಾಡಿಯಾದರೆ ಅವುಗಳನ್ನು ಒಂದರಿಂದ ಒಂದು ಬೇರೆ ಮಾಡಬೇಡಿ. ಮಧ್ಯದ ಪೆಟ್ರೋಲ್ ಪೈಪಿನ ಸೀಲ್ ಸೋರುತ್ತಿದ್ದರೆ ಮಾತ್ರ ಬೇರೆ ಮಾಡಬೇಕು. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ, ಬಿಡಿಭಾಗಗಳನ್ನು ಬೆರೆಸಬೇಡಿ.

## ಹಂತ 4: ಮೇಲಿನ ಮುಚ್ಚಳ, ಡಯಾಫ್ರಾಮ್

ಸಿ.ವಿ. ಮಾದರಿಯ (ಎಂಜಿನ್‌ನ ವ್ಯಾಕ್ಯೂಮ್‌ನಿಂದ ಸ್ಲೈಡ್ ಏಳುವಂಥ) ಕಾರ್ಬುರೇಟರ್‌ನಲ್ಲಿ ಮೇಲಿನ ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಬೆರಳಲ್ಲಿ ಒತ್ತಿ ಹಿಡಿದೇ ಕೊನೆಯ ಸ್ಕ್ರೂ ತೆಗೆಯಿರಿ. ಡಯಾಫ್ರಾಮ್‌ನ ಅಂಚು ಅಂಟಿಕೊಂಡಿದ್ದರೆ ಎಳೆಯಬೇಡಿ. ಕೆಳಗಿನಿಂದ ಬೆರಳು ಹಾಕಿ, ಗಾಳಿಯ ದಾರಿಯಲ್ಲಿ ಏರಿಳಿಯುವ ಸ್ಲೈಡನ್ನು ಮೆಲ್ಲಗೆ ಮೇಲೆತ್ತಿದರೆ ಅದೇ ಬಿಡುತ್ತದೆ.

ಆ ತೆಳು ರಬ್ಬರನ್ನು ಬಲ್ಬಿನ ಬೆಳಕಿಗೆ ಹಿಡಿದು ಮಡಿಕೆ ಮಡಿಕೆಯಾಗಿ ಬಿಡಿಸಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಸ್ಲೈಡ್ ಪೂರ್ತಿ ಏಳುವುದಿಲ್ಲ, ಗಾಡಿ ಅರ್ಧ ಆಕ್ಸಿಲರೇಟರ್‌ನಿಂದ ಮೇಲೆ ಎಳೆಯುವುದಿಲ್ಲ. ಅಂಟು ಹಾಕಿ ಮುಚ್ಚಿದ ತೂತು ಪೆಟ್ರೋಲ್ ಆವಿಗೆ ಮತ್ತೆ ಬಿಟ್ಟುಕೊಳ್ಳುತ್ತದೆ, ಹೊಸದನ್ನೇ ಹಾಕಿ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನಿಸಿ: ಕ್ಲೀನರ್ ಸ್ಪ್ರೇ ಡಯಾಫ್ರಾಮ್‌ಗೆ ತಾಗಲೇಬಾರದು. ತಾಗಿದರೆ ಊದಿಕೊಂಡು ಅಂಚು ಬಾಡಿಯ ಕೊರಕಲಿನಲ್ಲಿ ಕೂರದಷ್ಟು ದೊಡ್ಡದಾಗುತ್ತದೆ. ಅದು ಕೂತಿರುವಾಗ ಕಂಪ್ರೆಸರ್ ಗಾಳಿಯನ್ನೂ ಹೊಡೆಯಬೇಡಿ, ಹರಿದುಹೋಗುತ್ತದೆ.

ಸ್ಲೈಡಿನೊಳಗಿನ ನೀಡಲ್ ತೆಗೆದು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಗೊತ್ತಾಗುತ್ತದೆ. ಕ್ಲಿಪ್ ಎಷ್ಟನೇ ಗೆರೆಯಲ್ಲಿದೆ, ವಾಷರ್ ಕ್ಲಿಪ್ಪಿನ ಮೇಲಿದೆಯೋ ಕೆಳಗಿದೆಯೋ, ಬರೆದಿಟ್ಟುಕೊಳ್ಳಿ.

## ಹಂತ 5: ಬೌಲ್ ಮತ್ತು ಫ್ಲೋಟ್

ಬೌಲ್ ಸ್ಕ್ರೂ ಜಗ್ಗದಿದ್ದರೆ ಬಲ ಹಾಕಿ ತಲೆ ಕೆರೆಯಬೇಡಿ. ಸ್ಕ್ರೂ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಡ್ರೈವರನ್ನು ತಲೆಯ ಮೇಲೆ ಗಟ್ಟಿಯಾಗಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಒಂದೆರಡು ಏಟು ಹಾಕಿ, ಆಮೇಲೆ ಒತ್ತಿ ಹಿಡಿದು ತಿರುಗಿಸಿ.

ಫ್ಲೋಟ್ ಪಿನ್ ತೆಗೆಯುವಾಗ ಎಷ್ಟೋ ಕಾರ್ಬುರೇಟರ್‌ಗಳು ಹಾಳಾಗುತ್ತವೆ. ಪಿನ್ ಹಿಡಿದಿರುವ ಎರಡು ಸಣ್ಣ ಕಂಬಗಳು ಬಾಡಿಯ ಜೊತೆಗೇ ಎರಕ ಹೊಯ್ದವು. ಒಂದು ಮುರಿದರೆ ಇಡೀ ಬಾಡಿ ಗುಜರಿಗೆ. ಪಿನ್‌ನ ಒಂದು ತುದಿಗೆ ದಪ್ಪ ತಲೆ ಇದ್ದರೆ ಅದು ಯಾವ ಕಡೆಯಿದೆ ನೋಡಿ, ಎದುರು ಕಡೆಯಿಂದ ತಳ್ಳಿ. ಅಂಟಿಕೊಂಡಿದ್ದರೆ ಸ್ಪ್ರೇ ಹಾಕಿ ಕಾಯಿರಿ. ತಳ್ಳುವಾಗ ಕಂಬದ ಹಿಂದೆ ಇಕ್ಕಳದ ದವಡೆಯನ್ನೋ ಮರದ ತುಂಡನ್ನೋ ಆಸರೆ ಕೊಡಿ. ಸುತ್ತಿಗೆ ಏಟು ಮಾತ್ರ ಬೇಡ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ. ಬೌಲ್ ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚುವ ಫ್ಲೋಟ್ ನೀಡಲ್‌ನ ಮೊನೆಯನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ, ಸುತ್ತ ಉಂಗುರದ ಗೆರೆ ಬಿದ್ದಿದ್ದರೆ ಹೊಸದು ಹಾಕಿ. ಅದು ಕೂರುವ ಸೀಟನ್ನು ಹತ್ತಿಕಡ್ಡಿಯಿಂದ ಉಜ್ಜಿ. ಸೀಟ್ ಬಿಚ್ಚಲು ಬರುವಂಥದ್ದಾದರೆ ಅದರ ಸುತ್ತಲಿನ ಓ-ರಿಂಗ್ ಕೂಡ ಬದಲಾಯಿಸಿ. ನೀಡಲ್ ಹೊಸದು ಹಾಕಿದರೂ ಪೆಟ್ರೋಲ್ ಸೋರುತ್ತಿದೆ ಎನ್ನುವವರಿಗೆ ಎಷ್ಟೋ ಸಲ ಕಾರಣ ಈ ಓ-ರಿಂಗ್.

## ಹಂತ 6: ಜೆಟ್‌ಗಳು, ಪೈಲಟ್ ಸ್ಕ್ರೂ

ಮೇನ್ ಜೆಟ್, ಅದರ ಹಿಂದಿನ ಎಮಲ್ಷನ್ ಟ್ಯೂಬ್ (ಪೆಟ್ರೋಲಿಗೆ ಗಾಳಿ ಬೆರೆಸುವ ಕೊಳವೆ), ಪೈಲಟ್ ಜೆಟ್ ಈ ಕ್ರಮದಲ್ಲಿ ಬಿಚ್ಚಿ. ಕೆಲವು ಕಾರ್ಬುರೇಟರ್‌ಗಳಲ್ಲಿ ಪೈಲಟ್ ಜೆಟ್ ಮೇಲೆ ಒಂದು ಸಣ್ಣ ರಬ್ಬರ್ ಬಿರಡೆ ಇರುತ್ತದೆ. ಕಳೆಯಬೇಡಿ. ಅದಿಲ್ಲದೆ ಮುಚ್ಚಿದರೆ ಪೈಲಟ್ ಜೆಟ್ ಬೌಲ್‌ನಿಂದ ನೇರವಾಗಿ ಪೆಟ್ರೋಲ್ ಎಳೆದು ಐಡ್ಲಿಂಗ್ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಆಗುತ್ತದೆ. ಇನ್ನು ಕೆಲವಲ್ಲಿ ಪೈಲಟ್ ಜೆಟ್ ಒತ್ತಿ ಕೂರಿಸಿದ್ದು, ಬಿಚ್ಚಲು ಬರುವುದೇ ಇಲ್ಲ. ಸೀಳು ಕಾಣದಿದ್ದರೆ ಇಕ್ಕಳ ಹಾಕಿ ಕೀಳಬೇಡಿ, ಇದ್ದಲ್ಲೇ ತೊಳೆಯಿರಿ.

ಐಡ್ಲಿಂಗ್ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಒಳಗೆ ತಿರುಗಿಸಿ, ಮೆತ್ತಗೆ ತಳ ಮುಟ್ಟುವ ತನಕ ಎಷ್ಟು ಸುತ್ತು ಆಯಿತು ಎಂದು ಎಣಿಸಿ, ಬರೆದುಕೊಳ್ಳಿ. ಮೆತ್ತಗೆ ಅಂದರೆ ಎರಡು ಬೆರಳಿನ ಬಲ ಅಷ್ಟೇ. ಬಿಗಿ ಮಾಡಿದರೆ ಸೂಜಿಯಂಥ ಮೊನೆ ತೂತಿನಲ್ಲೇ ಮುರಿದು ಉಳಿಯುತ್ತದೆ. ಸ್ಕ್ರೂ ಹೊರಗೆ ಬಂದಾಗ ಅದರ ಜೊತೆ ಸ್ಪ್ರಿಂಗ್, ವಾಷರ್, ಓ-ರಿಂಗ್ ಇದೇ ಕ್ರಮದಲ್ಲಿ ಬರಬೇಕು. ವಾಷರ್ ಮತ್ತು ಓ-ರಿಂಗ್ ಸಾಮಾನ್ಯವಾಗಿ ತೂತಿನೊಳಗೇ ಉಳಿಯುತ್ತವೆ, ಟಾರ್ಚ್ ಹಾಕಿ ನೋಡಿ, ತುದಿ ಬಗ್ಗಿಸಿದ ಸಣ್ಣ ತಂತಿಯಿಂದ ಎತ್ತಿ. ಹಳೇ ಓ-ರಿಂಗ್ ಒಳಗಿರುವಾಗಲೇ ಹೊಸದನ್ನು ತುರುಕಿದರೆ ಟ್ಯೂನಿಂಗ್ ಯಾವತ್ತೂ ಹಿಡಿತಕ್ಕೆ ಬರುವುದಿಲ್ಲ.

ಆಕ್ಸಿಲರೇಟರ್ ತಿರುಗಿಸಿದಾಗ ತೆರೆಯುವ ಥ್ರಾಟಲ್ ಬಟರ್‌ಫ್ಲೈ ತಟ್ಟೆಯನ್ನು ಬಿಚ್ಚಬೇಡಿ. ಅದರ ಸ್ಕ್ರೂಗಳ ತುದಿಯನ್ನು ಫ್ಯಾಕ್ಟರಿಯಲ್ಲೇ ಜಜ್ಜಿ ಗಟ್ಟಿ ಮಾಡಿರುತ್ತಾರೆ. ಒಮ್ಮೆ ಬಿಚ್ಚಿ ಸರಿಯಾಗಿ ಗಟ್ಟಿ ಮಾಡದಿದ್ದರೆ ಆ ಸ್ಕ್ರೂ ನೇರ ಎಂಜಿನ್‌ಗೆ ಬೀಳುತ್ತದೆ.

## ಹಂತ 7: ತೊಳೆಯುವುದು, ಅಂದರೆ ನಿಜವಾಗಿ ತೊಳೆಯುವುದು

ಬಾಡಿಯಲ್ಲಿ ಒಂದೂ ರಬ್ಬರ್, ಒಂದೂ ಪ್ಲಾಸ್ಟಿಕ್ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಶುರು ಮಾಡಿ.

ಮೊದಲು ಜೆಟ್‌ಗಳು. ಪೈಲಟ್ ಜೆಟ್‌ನ ತೂತು ಎಷ್ಟು ಸಣ್ಣದು ಅಂದರೆ, ಕೈಹಿನ್‌ನಲ್ಲಿ 38 ಎಂದು ಕೊರೆದಿದ್ದರೆ ಸುಮಾರು 0.38 ಮಿ.ಮೀ. ಅದರ ಗೋಡೆಗೆ ಅಂಟಿದ ತೆಳು ಪದರವೇ ಗಾಡಿಯನ್ನು ಕೆಡಿಸಲು ಸಾಕು. ಅದಕ್ಕೇ "ಬೆಳಕು ಕಾಣುತ್ತಿದೆ, ಕ್ಲೀನ್ ಇದೆ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೆಳಕು ಅರ್ಧ ಕಟ್ಟಿದ ತೂತಿನಿಂದಲೂ ಬರುತ್ತದೆ. ಬೆಳಕಿನ ಚುಕ್ಕೆ ದುಂಡಗಿರಬೇಕು, ಅಂಚು ಚೂಪಾಗಿ ಕಾಣಬೇಕು. ಜೆಟ್‌ಗಳನ್ನು ಕ್ಲೀನರ್‌ನಲ್ಲಿ ನೆನೆಹಾಕಿ, ತಾಮ್ರದ ಎಳೆ ತೂರಿಸಿ, ಗಾಳಿ ಹೊಡೆಯಿರಿ. ಉಕ್ಕಿನ ತಂತಿ, ಡ್ರಿಲ್ ಬಿಟ್ ಬೇಡ. ಹಿತ್ತಾಳೆ ಕೆರೆದು ತೂತು ದೊಡ್ಡದಾದರೆ ಅದು ಬೇರೆ ನಂಬರಿನ ಜೆಟ್ ಆದ ಹಾಗೆ. ಪೈಲಟ್ ಜೆಟ್ ಮತ್ತು ಎಮಲ್ಷನ್ ಟ್ಯೂಬ್‌ನ ಪಕ್ಕದಲ್ಲಿರುವ ಅಡ್ಡ ತೂತುಗಳನ್ನೂ ಒಂದೊಂದಾಗಿ ಬಿಡಿಸಿ.

ಈಗ ಬಾಡಿಯೊಳಗಿನ ಪೈಲಟ್ ದಾರಿ. ಇಲ್ಲಿ ಆತುರ ಬೇಡ. ಪೈಲಟ್ ಜೆಟ್ ಕೂರುವ ತೂತಿಗೆ ಸ್ಪ್ರೇಯ ಕೊಳವೆ ಒತ್ತಿ ಹಿಡಿದು ಹೊಡೆಯಿರಿ. ದ್ರವ ಮೂರು ಕಡೆಯಿಂದ ಹೊರಬರಬೇಕು. ಒಂದು, ಏರ್ ಫಿಲ್ಟರ್ ಕಡೆಯ ಬಾಯಿಯಲ್ಲಿರುವ ಪೈಲಟ್ ಏರ್ ಜೆಟ್‌ನಿಂದ. ಎರಡು, ಬಟರ್‌ಫ್ಲೈ ತಟ್ಟೆಯ ಅಂಚಿನ ಹತ್ತಿರ ಸಾಲಾಗಿರುವ ಸೂಜಿಮೊನೆಯಂಥ ತೂತುಗಳಿಂದ. ಮೂರು, ಪೈಲಟ್ ಸ್ಕ್ರೂ ಮೊನೆ ಬಂದು ಕೂರುವ, ಎಂಜಿನ್ ಕಡೆಯ ತೂತಿನಿಂದ. ಪೈಲಟ್ ಸ್ಕ್ರೂನ ಹೊರಬಾಯಿ ಈಗ ತೆರೆದೇ ಇರುತ್ತದೆ, ಅದನ್ನು ಬೆರಳಲ್ಲಿ ಮುಚ್ಚಿಕೊಳ್ಳಿ. ಆಮೇಲೆ ಒಂದೊಂದನ್ನೇ ಬಿಟ್ಟು ಉಳಿದವನ್ನು ಮುಚ್ಚಿ ಹೊಡೆಯಿರಿ. ಬಟರ್‌ಫ್ಲೈ ಅಂಚಿನ ತೂತುಗಳಲ್ಲಿ ಒಂದು ಸುಮ್ನೆ ಒದ್ದೆಯಾಗಿ ನಿಂತರೆ ಸಾಲದು, ಪ್ರತಿಯೊಂದರಿಂದಲೂ ನೆಟ್ಟಗೆ ಸಣ್ಣ ಧಾರೆ ಏಳಬೇಕು. ಏಳದಿದ್ದರೆ ಕ್ಲೀನರ್ ತುಂಬಿ ಬಿಡಿ, ಸ್ವಲ್ಪ ಹೊತ್ತಾದ ಮೇಲೆ ಗಾಳಿ, ಮತ್ತೆ ಸ್ಪ್ರೇ, ಈ ಸಲ ಎದುರು ಕಡೆಯಿಂದ. ಧಾರೆ ಏಳುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಎಲ್ಲರೂ ಮರೆಯುವ ಇನ್ನೊಂದು ಜಾಗ ಚೋಕ್‌ನ ದಾರಿ. ಹಲವು ಕಾರ್ಬುರೇಟರ್‌ಗಳಲ್ಲಿ ಬೌಲ್‌ನ ಗೋಡೆಯಲ್ಲೇ ಒಂದು ಸಣ್ಣ ಬಾವಿ ಇರುತ್ತದೆ, ಬಾಡಿಯಿಂದ ಇಳಿಯುವ ತೆಳು ಕೊಳವೆ ಅದರೊಳಗೆ ಅದ್ದಿರುತ್ತದೆ. ಆ ಬಾವಿಯ ತಳದಲ್ಲಿರುವ ಸಣ್ಣ ತೂತು ಗಸಿ ಸೇರಿ ಕಟ್ಟಿದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ. ಬೌಲನ್ನು ಬರೀ ಒರೆಸಿಟ್ಟವರಿಗೆ ಇದು ಕಾಣುವುದಿಲ್ಲ.

ಅಲ್ಟ್ರಾಸೋನಿಕ್ ಯಂತ್ರ ಸಿಕ್ಕರೆ ಒಳ್ಳೆಯದು. ಅದಕ್ಕೆಂದೇ ಇರುವ ದ್ರಾವಣ ಹಾಕಿ, ಬಿಸಿನೀರಲ್ಲಿ ನಡೆಸಿ. ಆದರೆ ಯಂತ್ರಕ್ಕೆ ಹಾಕಿ ತೆಗೆದ ಮೇಲೂ ಧಾರೆಯ ಪರೀಕ್ಷೆ ಬಿಡುವಂತಿಲ್ಲ. ಕಾಸ್ಟಿಕ್ ಸೋಡಾದಂಥ ಕ್ಷಾರದ ದ್ರವ ಅಲ್ಯೂಮಿನಿಯಂ ಅನ್ನು ಕಪ್ಪಾಗಿಸಿ ತಿನ್ನುತ್ತದೆ, ಹುಳಿ ದ್ರಾವಣದಲ್ಲಿ ಜಾಸ್ತಿ ಹೊತ್ತು ನೆನೆಸಿದರೂ ಲೋಹ ಕೊರೆಯುತ್ತದೆ. ಎರಡೂ ಬೇಡ.

## ಹಂತ 8: ಕಿಟ್‌ನಲ್ಲಿ ಏನನ್ನು ಬಳಸಬೇಕು

ರಿಪೇರಿ ಕಿಟ್ ತಂದ ಮಾತ್ರಕ್ಕೆ ಅದರಲ್ಲಿರುವ ಎಲ್ಲವನ್ನೂ ಹಾಕಬೇಕಿಲ್ಲ. ಗ್ಯಾಸ್ಕೆಟ್, ಓ-ರಿಂಗ್ ಖಂಡಿತ ಹೊಸದು ಹಾಕಿ. ಹಿತ್ತಾಳೆ ಭಾಗಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಗಾಡಿಯ ಜೊತೆ ಬಂದ ಮೂಲ ಜೆಟ್ ಮತ್ತು ನೀಡಲ್ ಸವೆದಿಲ್ಲದಿದ್ದರೆ ಅವನ್ನೇ ತೊಳೆದು ಹಾಕಿ. ಅಗ್ಗದ ಕಿಟ್‌ಗಳ ಜೆಟ್ ಮೇಲೆ ಬರೆದ ನಂಬರಿಗೂ ತೂತಿನ ಅಳತೆಗೂ ತಾಳೆಯಾಗದಿರುವುದು ಸಾಮಾನ್ಯ.

ಬಿಚ್ಚಿದ ಜೆಟ್ ನಂಬರನ್ನು ಮ್ಯಾನುವಲ್ ಜೊತೆ ಹೋಲಿಸಿ ನೋಡಿ. ಹಳೇ ಮಾಲೀಕರು ಬೇರೆ ಸೈಜ್ ಹಾಕಿರಬಹುದು, ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇದು ಅಪರೂಪವಲ್ಲ.

## ಹಂತ 9: ಜೋಡಣೆ, ಫ್ಲೋಟ್ ಎತ್ತರ

ಬಿಚ್ಚಿದ್ದರ ಉಲ್ಟಾ ಕ್ರಮ. ಜೆಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಥ್ರೆಡ್ ಸರಿಯಾಗಿ ಹಿಡಿದ ಮೇಲೆ ಡ್ರೈವರ್ ಹಾಕಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಪೈಲಟ್ ಸ್ಕ್ರೂ ತಳ ಮುಟ್ಟಿಸಿ, ಬರೆದಿಟ್ಟಷ್ಟು ಸುತ್ತು ಹೊರಗೆ ತನ್ನಿ.

ಫ್ಲೋಟ್ ಎತ್ತರ ಅಳೆಯುವಾಗ ಆಗುವ ತಪ್ಪು ಒಂದೇ. ಬಾಡಿಯನ್ನು ತಲೆಕೆಳಗೆ ಮಾಡಿ ಅಳೆದುಬಿಡುತ್ತಾರೆ. ಆಗ ಫ್ಲೋಟ್‌ನ ಭಾರಕ್ಕೆ ನೀಡಲ್‌ನ ಹಿಂಬದಿಯ ಸ್ಪ್ರಿಂಗ್ ಪಿನ್ ಒಳಗೆ ಒತ್ತಿ ಹೋಗಿರುತ್ತದೆ, ಅಳತೆ ಸುಳ್ಳಾಗುತ್ತದೆ. ಬಾಡಿಯನ್ನು ಓರೆಯಾಗಿ ಹಿಡಿದು, ಫ್ಲೋಟ್‌ನ ನಾಲಿಗೆ ಆ ಪಿನ್ನನ್ನು ಸುಮ್ನೆ ಮುಟ್ಟುವ, ಒತ್ತದಿರುವ ಜಾಗದಲ್ಲಿ ನಿಲ್ಲಿಸಿ. ಗ್ಯಾಸ್ಕೆಟ್ ಕೂರುವ ಮೈಯಿಂದ ಫ್ಲೋಟ್‌ನ ತುದಿಯ ತನಕ ಅಳೆಯಿರಿ. ಅಳತೆ ಮ್ಯಾನುವಲ್‌ಗಿಂತ ಜಾಸ್ತಿ ಬಂದರೆ ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಕಡಿಮೆ ನಿಲ್ಲುತ್ತದೆ, ಗಾಡಿ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಆಗುತ್ತದೆ. ಕಡಿಮೆ ಬಂದರೆ ಉಲ್ಟಾ. ಲೋಹದ ನಾಲಿಗೆಯಾದರೆ ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ಅಳೆಯಿರಿ. ಬಗ್ಗಿಸುವಾಗ ನೀಡಲನ್ನು ಸೀಟಿಗೆ ಒತ್ತಬೇಡಿ.

ಡಯಾಫ್ರಾಮ್‌ನ ಅಂಚು ಸುತ್ತಲೂ ಬಾಡಿಯ ಕೊರಕಲಿನಲ್ಲಿ ಕೂತಿದೆಯಾ, ಅದರ ಸಣ್ಣ ಕಿವಿ ತನ್ನ ಜಾಗದಲ್ಲಿದೆಯಾ ನೋಡಿಕೊಂಡು ಮುಚ್ಚಳ ಹಾಕಿ. ಆಮೇಲೆ ಸ್ಲೈಡನ್ನು ಬೆರಳಲ್ಲಿ ಮೇಲೆತ್ತಿ ಬಿಡಿ. ತಡೆಯಿಲ್ಲದೆ, ಒಂದೇ ಸಮನೆ ಇಳಿದು ತಳ ಮುಟ್ಟಬೇಕು. ಮಧ್ಯೆ ಸಿಕ್ಕಿಕೊಂಡರೆ ಡಯಾಫ್ರಾಮ್ ಎಲ್ಲೋ ತಿರುಚಿದೆ, ಬಿಚ್ಚಿ ಮತ್ತೆ ಕೂರಿಸಿ.

## ಹಂತ 10: ಏರಿಸುವ ಮೊದಲು ಸೋರಿಕೆ ನೋಡಿ

ಕಾರ್ಬುರೇಟರನ್ನು ಟೇಬಲ್ ಮೇಲೆ ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಎತ್ತರದಲ್ಲಿ ಇಟ್ಟ ಸಣ್ಣ ಬಾಟಲಿಯಿಂದ ಪೈಪ್ ಮೂಲಕ ಪೆಟ್ರೋಲ್ ಬಿಡಿ. ಬೌಲ್ ತುಂಬಿದ ಮೇಲೆ ಹರಿವು ತಾನಾಗಿ ನಿಲ್ಲಬೇಕು. ಅರ್ಧ ಗಂಟೆ ಹಾಗೇ ಬಿಡಿ. ಓವರ್‌ಫ್ಲೋ ಪೈಪಿನಿಂದ ಹನಿ ಬಂದರೆ ಫ್ಲೋಟ್ ನೀಡಲ್ ಕೂರುತ್ತಿಲ್ಲ. ಗಾಡಿಗೆ ಏರಿಸಿ ಎಲ್ಲ ಬಿಗಿ ಮಾಡಿದ ಮೇಲೆ ಇದು ಗೊತ್ತಾದರೆ ಇಡೀ ದಿನ ಹೋಯಿತು, ಅಲ್ವಾ.

ಹಾಗೇ ಎಂಜಿನ್ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಆಯಿಲ್‌ಗೆ ಪೆಟ್ರೋಲ್ ವಾಸನೆ ಇದ್ದರೆ, ಮಟ್ಟ ಏರಿದ್ದರೆ, ಹಿಂದೆ ಸೋರಿದ ಪೆಟ್ರೋಲ್ ಎಂಜಿನ್‌ಗೆ ಇಳಿದಿದೆ. ಆಯಿಲ್ ಬದಲಾಯಿಸದೆ ಸ್ಟಾರ್ಟ್ ಮಾಡಬೇಡಿ, ತೆಳುವಾದ ಆಯಿಲ್ ಬೇರಿಂಗ್ ಉಳಿಸುವುದಿಲ್ಲ. ಪ್ಲಗ್ ಬಿಚ್ಚಿ ಒಮ್ಮೆ ಕಿಕ್ ಹೊಡೆದು, ಸಿಲಿಂಡರ್‌ನಲ್ಲಿ ಪೆಟ್ರೋಲ್ ನಿಂತಿಲ್ಲ ಎಂದು ನೋಡಿಕೊಳ್ಳಿ. ಪಕ್ಕದಲ್ಲಿ ಕಿಡಿ ಇರದಿರಲಿ.

## ಹಂತ 11: ಏರಿಸಿ, ಟ್ಯೂನ್ ಮಾಡುವುದು

ರಬ್ಬರ್ ಗಟ್ಟಿಯಾಗಿದ್ದರೆ ಹೇರ್ ಡ್ರೈಯರ್ ಬಿಸಿ ತೋರಿಸಿ ಮೆತ್ತಗಾಗಿಸಿ. ಕ್ಲಾಂಪ್ ಬಿಗಿ ಮಾಡುವ ಮೊದಲು ಬಾಡಿ ಪೂರ್ತಿ ಒಳಗೆ ಕೂತಿದೆಯಾ ಎಂದು ಸುತ್ತ ಬೆರಳಾಡಿಸಿ ನೋಡಿ.

ಸ್ಟಾರ್ಟ್ ಮಾಡುವ ಮುನ್ನ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಬಿಡಿ. ಟಕ್ ಎಂದು ತಾನಾಗಿ ಮುಚ್ಚಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ಇದನ್ನೇ ಮಾಡಿ. ಎಲ್ಲಾದರೂ ಸಿಕ್ಕಿಕೊಂಡರೆ ಗಾಡಿ ರಸ್ತೆಗೆ ಇಳಿಯಕೂಡದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೈಲಟ್ ಸ್ಕ್ರೂ ಮುಟ್ಟಿ. ಸ್ಕ್ರೂ ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಮಿಶ್ರಣವನ್ನು ಬಿಡುವಂಥದ್ದು, ಹೊರಗೆ ತಿರುಗಿಸಿದರೆ ರಿಚ್. ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದರೆ ಲೀನ್. ಇದನ್ನು ಅದಲುಬದಲು ಮಾಡಿಕೊಂಡು ಉಲ್ಟಾ ತಿರುಗಿಸುವವರೇ ಜಾಸ್ತಿ. ಕಾಲು ಸುತ್ತು ತಿರುಗಿಸಿ, ಎಂಜಿನ್ ಸದ್ದು ನೆಲೆಗೊಳ್ಳಲು ಬಿಟ್ಟು, ಐಡ್ಲಿಂಗ್ ಅತಿ ಜಾಸ್ತಿಯಾಗಿ ನುಣ್ಣಗೆ ಓಡುವ ಜಾಗ ಹುಡುಕಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಆರ್‌ಪಿಎಂ ಅನ್ನು ಮ್ಯಾನುವಲ್ ಹೇಳಿದ ಮಟ್ಟಕ್ಕೆ ಇಳಿಸಿ.

ಒಂದಕ್ಕಿಂತ ಹೆಚ್ಚು ಕಾರ್ಬುರೇಟರ್ ಇದ್ದರೆ ವ್ಯಾಕ್ಯೂಮ್ ಗೇಜ್ ಹಾಕಿ ಎಲ್ಲವನ್ನೂ ಸಮ ಮಾಡಬೇಕು. ಗಾಳಿಯಿಂದ ತಣ್ಣಗಾಗುವ ಎಂಜಿನ್ ಆಗಿದ್ದರೆ ಎದುರಿಗೆ ಫ್ಯಾನ್ ಇಡಿ, ನಿಂತಲ್ಲೇ ತುಂಬಾ ಹೊತ್ತು ಓಡಿದರೆ ಅತಿಯಾಗಿ ಕಾಯುತ್ತದೆ.

## ಹಂತ 12: ಇನ್ನೂ ಸರಿ ಹೋಗದಿದ್ದರೆ

ಚೋಕ್ ತೆಗೆದ ಕೂಡಲೇ ಆಫ್ ಆದರೆ ಪೈಲಟ್ ದಾರಿ ಇನ್ನೂ ಕಟ್ಟಿದೆ. ಹಂತ 7ಕ್ಕೆ ವಾಪಸ್ ಹೋಗಿ, ಬೇರೆ ದಾರಿ ಇಲ್ಲ.

ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಮೇಲೇ ನಿಂತು ನಿಧಾನಕ್ಕೆ ಇಳಿದರೆ ಲೀನ್ ಓಡುತ್ತಿದೆ, ಬಹುಶಃ ಎಲ್ಲೋ ಗಾಳಿ ಎಳೆಯುತ್ತಿದೆ. ಮ್ಯಾನಿಫೋಲ್ಡ್ ಸುತ್ತ ನೀರನ್ನು ಮಂಜಿನಂತೆ ಚಿಮುಕಿಸಿ ನೋಡಿ. ಎಂಜಿನ್ ಸದ್ದು ಬದಲಾದ ಜಾಗದಲ್ಲಿ ಸೋರಿಕೆ ಇದೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿರುವಾಗ ಕ್ಲೀನರ್ ಸ್ಪ್ರೇಯಿಂದ ಈ ಪರೀಕ್ಷೆ ಮಾಡಬೇಡಿ, ಬೆಂಕಿ ಹತ್ತುತ್ತದೆ.

ಐಡ್ಲಿಂಗ್ ಚೆನ್ನಾಗಿದ್ದು ಮಧ್ಯದಲ್ಲಿ ಮುಗ್ಗರಿಸಿದರೆ ನೀಡಲ್, ಎಮಲ್ಷನ್ ಟ್ಯೂಬ್, ಡಯಾಫ್ರಾಮ್ ನೋಡಿ. ಮುಕ್ಕಾಲಿನಿಂದ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಮಾತ್ರ ತೊಂದರೆ ಎಂದರೆ ಮೇನ್ ಜೆಟ್ ಅಥವಾ ಪೆಟ್ರೋಲ್ ಹರಿವು. ಒಂದಷ್ಟು ದೂರ ಓಡಿಸಿ ಪ್ಲಗ್ ಬಿಚ್ಚಿದಾಗ ಮಸಿಯಂತೆ ಕಪ್ಪಾಗಿದ್ದರೆ ರಿಚ್, ಬಿಳಿಚಿಕೊಂಡಿದ್ದರೆ ಲೀನ್. ಬಿಳಿ ಪ್ಲಗ್ ಇಟ್ಟುಕೊಂಡು ದೂರ ಪ್ರಯಾಣ ಹೊರಡಬೇಡಿ, ಪಿಸ್ಟನ್ ಸುಡುವ ಅಪಾಯವಿದೆ.

ಹಲವು ಸಿಲಿಂಡರ್‌ನ ಗಾಡಿಯಲ್ಲಿ ಸ್ಟಾರ್ಟ್ ಆದ ತಕ್ಷಣ ಸೈಲೆನ್ಸರ್ ಪೈಪುಗಳ ಮೇಲೆ ನೀರಿನ ಹನಿ ಹಾಕಿ. ಹನಿ ಆರದೆ ಉಳಿದ ಪೈಪಿನ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ಪ್ಲಗ್‌ನಲ್ಲಿ ಕಿಡಿ ಇದ್ದರೆ ಆ ಒಂದು ಕಾರ್ಬುರೇಟರನ್ನು ಮಾತ್ರ ಮತ್ತೆ ನೋಡಿದರೆ ಸಾಕು.

ಎಲ್ಲ ಸರಿಯಾದ ಮೇಲೆ ಪೆಟ್ರೋಲ್ ಪೈಪಿಗೆ ಒಂದು ಸಣ್ಣ ಫಿಲ್ಟರ್ ಹಾಕಿ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಡ್ರೈನ್ ಸ್ಕ್ರೂ ಸಡಿಲಿಸಿ ಬೌಲ್ ಖಾಲಿ ಮಾಡಿಡಿ. ಅಂಟು ಕಟ್ಟುವುದು ನಿಂತ ಪೆಟ್ರೋಲ್‌ನಿಂದಲೇ.